ಅಳಿಯ ಇಳಿದ ಕಿಟಕಿ

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರು ಎಂದು ಗಾದೆ. ಬೆಳ್ಳಾರೆಯ ಉಸ್ಮಾನಾಕ ಆ ಪೈಕಿಯವರಲ್ಲ. ಬೆಂಕಿಯ ಸುಳಿವೇ ಇಲ್ಲದಾಗ ಅವರು ಬಾವಿ ತೋಡಿದರು. ತೋಡಿದ್ದು ಸಾಲದೆಂದು ಅದರೊಳಗೆ ತಮ್ಮ ಹೊಸ ಅಳಿಯನನ್ನೇ ಬೀಳಿಸಿದರು. ಬಾವಿ ಎಂದರೆ ಇಲ್ಲಿ ಬಾವಿಯಲ್ಲ, ಮಹಡಿಯ ಕೋಣೆಯ ಕಿಟಕಿ.

ಉಸ್ಮಾನಾಕ ಇಪ್ಪತ್ತೆರಡು ವರ್ಷ ದುಬೈಯಲ್ಲಿ ಒಂದು ಕಚೇರಿಯ ಹನ್ನೊಂದನೇ ಮಹಡಿಯಲ್ಲಿ ಚಹಾ ಮಾಡಿಕೊಂಡಿದ್ದವರು. ಅಲ್ಲಿ ಆರು ತಿಂಗಳಿಗೊಮ್ಮೆ ಬೆಂಕಿ ಬಿದ್ದಂತೆ ನಟಿಸುವ ಒಂದು ಕ್ರಮವಿತ್ತು. ಸೈರನ್ ಕೂಗಿದ ಕೂಡಲೇ ಸಾಹೇಬರುಗಳು ಗೊಣಗುತ್ತ ಮೆಟ್ಟಿಲಿಳಿದು ಕೆಳಗೆ ನಿಲ್ಲಬೇಕು. ಅವರಿಗೆ ದಾರಿ ತೋರಿಸಲು ಹಳದಿ ಜಾಕೀಟು ತೊಟ್ಟ ಒಬ್ಬ ಮನುಷ್ಯ ಬೇಕು. ಆ ಜಾಕೀಟನ್ನು ತೊಡಲು ಯಾವ ಸಾಹೇಬನೂ ಒಪ್ಪದೆ ಅದು ಉಸ್ಮಾನಾಕನ ಮೈಮೇಲೆ ಬಂತು. ಹಾಗೆ ಬಂದದ್ದು ಮತ್ತೆ ಇಳಿಯಲೇ ಇಲ್ಲ. ಊರಿಗೆ ಮರಳುವಾಗ ಎಲ್ಲರಂತೆ ಅವರೂ ಕಂಬಳಿ ತಂದರು. ಆದರೆ ಕಂಬಳಿಯ ಮಡಿಕೆಯೊಳಗೆ ಗಾಜು ಹಾಕಿಸಿದ ಒಂದು ಪ್ರಮಾಣಪತ್ರವಿತ್ತು. ಒಂದು ಇಡೀ ಮಹಡಿಯ ಜನರನ್ನು ಬೆಂಕಿಯಿಂದ ಹೊರಗೆ ತರಬಲ್ಲ ಯೋಗ್ಯತೆ ಈ ಮನುಷ್ಯನಿಗೆ ಇದೆ ಎಂದು ಅದರಲ್ಲಿ ಇಂಗ್ಲಿಷಿನಲ್ಲೂ ಅರಬಿಯಲ್ಲೂ ಬರೆದಿತ್ತು. ಅಷ್ಟು ದೊಡ್ಡ ಯೋಗ್ಯತೆ ಇಟ್ಟುಕೊಂಡು ಅವರು ಬೆಳ್ಳಾರೆ ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟರು. ಗಿರಾಕಿಗಳು ಚಪ್ಪಲಿಯ ಅಳತೆ ಕೇಳುತ್ತಿದ್ದರೇ ಹೊರತು ಯೋಗ್ಯತೆಯನ್ನು ಯಾರೂ ಕೇಳುತ್ತಿರಲಿಲ್ಲ.

ಕೇಳುವ ಕಾಲ ಬಂದದ್ದು ಮಗಳು ಮುಫೀದಾಳ ಮದುವೆಯಾದ ಮೇಲೆ. ಹುಡುಗ ಕಲ್ಲುಗುಂಡಿಯ ಸಫೀರ್. ಮಡಿಕೇರಿ ರಸ್ತೆಯ ಬದಿಯಲ್ಲಿ ಅವನದ್ದು ಟಯರ್ ಅಂಗಡಿ. ಮಾತು ಕಡಿಮೆ, ನಾಚಿಕೆ ಜಾಸ್ತಿ. ಹೊಸ ಅಳಿಯನನ್ನು ಬ್ಯಾರಿ ಮುಸಲ್ಮಾನರು ಪುದಿಯಾಪ್ಳೆ ಎನ್ನುತ್ತಾರೆ. ಪುದಿಯಾಪ್ಳೆ ಮನೆಗೆ ಬಂದರೆ ಅವನ ಕೋಣೆ ಬೇರೆ, ಅವನ ತಟ್ಟೆ ಬೇರೆ, ಅವನ ಎದುರು ಮನೆಯವರ ದನಿಯೂ ಬೇರೆ. ಉಸ್ಮಾನಾಕನ ಮನೆಯಲ್ಲಂತೂ ಹಳೆಯ ಕ್ರಮ ಒಂದು ಗುಲಗಂಜಿಯಷ್ಟೂ ಸಡಿಲವಾಗಿರಲಿಲ್ಲ. ಅತ್ತೆ ಫೌಝಿಯಾ ಅಳಿಯನ ಎದುರಿಗೆ ಬಾರದೆ ಬಾಗಿಲ ಮರೆಯಿಂದ ಅಕ್ಕಿಯ ಪತ್ತಿರ್, ಪಿಂಡಿ, ಕೋಳಿ ಸಾರುಗಳನ್ನು ಒಂದೊಂದಾಗಿ ದೂಡುತ್ತಿದ್ದರು. ಮಾವ ಎದುರು ಸಿಕ್ಕಿದರೆ ಊಟ ಆಯಿತೇ ಎಂದು ಕೇಳುವರು, ಅಳಿಯ ಆಯಿತು ಎನ್ನುವನು. ಇನ್ನೆರಡು ದಿನ ಇರಿ ಎಂದು ಮಾವ ಹೇಳುವರು, ಅಳಿಯ ತಲೆಯಾಡಿಸುವನು. ಇದಕ್ಕಿಂತ ಉದ್ದದ ಮಾತು ಅವರಿಬ್ಬರ ನಡುವೆ ನಡೆದದ್ದಿಲ್ಲ. ಪುದಿಯಾಪ್ಳೆಗೆ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುವುದು ಆ ಮನೆಯಲ್ಲಿ ಮಹಾ ಅಪರಾಧ.

ಎರಡು ದಿನಕ್ಕೆಂದು ಬಂದ ಸಫೀರ್ ಹೀಗೆ ಏಳನೇ ದಿನವೂ ಅಲ್ಲೇ ಇದ್ದ. ಕಲ್ಲುಗುಂಡಿಯಲ್ಲಿ ಅಂಗಡಿಗೆ ಬೀಗ, ಇಲ್ಲಿ ದಿನಕ್ಕೆ ನಾಲ್ಕು ಹೊತ್ತು ಊಟ. ಹೊರಡುತ್ತೇನೆ ಎಂದರೆ ಮಾವನಿಗೆ ಬೇಸರವಾಗಬಹುದು, ಹೊರಡದಿದ್ದರೆ ಮಾವನಿಗೆ ಭಾರವಾಗಬಹುದು ಎಂಬ ಸಂಕಟದಲ್ಲಿ ಅವನ ಪ್ಯಾಂಟು ಸೊಂಟದಲ್ಲಿ ಬಿಗಿಯಾಗುತ್ತ ಬಂದಿತ್ತು.

ಆ ದಿನ ಸಂಜೆ ಮಹಡಿಯ ಕೋಣೆಯಲ್ಲಿ ಇಟ್ಟಿದ್ದ ಊದಿನ ಧೂಪದ ಕೆಂಡದಿಂದ ಒಂದು ಕಿಡಿ ಹಾರಿ ಕಿಟಕಿಯ ಪರದೆಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ತೂತಾಯಿತು. ಮುಫೀದಾ ಅದನ್ನು ಕೈಯಲ್ಲೇ ತಟ್ಟಿ ಆರಿಸಿದಳು. ಉಸ್ಮಾನಾಕ ಮಾತ್ರ ಆ ತೂತಿಗೆ ಬೆರಳು ಹಾಕಿ ಕಾಲು ಗಂಟೆ ನಿಂತರು. ಇಪ್ಪತ್ತೆರಡು ವರ್ಷ ಹನ್ನೊಂದನೇ ಮಹಡಿಯಲ್ಲಿ ಕಾದರೂ ಬಾರದ ಬೆಂಕಿ ಈಗ ತಮ್ಮ ಮನೆಯ ಒಂದನೇ ಮಹಡಿಯನ್ನೇ ಹುಡುಕಿಕೊಂಡು ಬಂದಿದೆ ಎಂದು ಅವರಿಗನ್ನಿಸಿತು. ಮೆಟ್ಟಿಲು ಇರುವುದು ಅಡುಗೆಮನೆಯ ಪಕ್ಕ. ಗ್ಯಾಸಿಗೆ ಬೆಂಕಿ ಹತ್ತಿದರೆ ಮೆಟ್ಟಿಲು ಮುಗಿಯಿತು. ಕಿಟಕಿಗೆ ಕಬ್ಬಿಣದ ಗ್ರಿಲ್. ಮೇಲೆ ಮಲಗಿದವರಿಗೆ ಗತಿ ಯಾರು?

ಮರುದಿನ ಬುಧವಾರ ಮಗಳು ಅಳಿಯ ಇಬ್ಬರೂ ಕೊಯಿಲದಲ್ಲಿರುವ ಮುಫೀದಾಳ ಚಿಕ್ಕಮ್ಮ ಜಸೀನಾಳ ಮನೆಗೆ ಒಂದು ರಾತ್ರಿಯ ಔತಣಕ್ಕೆ ಹೋದರು. ಅವರು ಬಸ್ಸು ಹತ್ತಿದ್ದೇ ತಡ, ಉಸ್ಮಾನಾಕ ಪುತ್ತೂರಿನಿಂದ ವೆಲ್ಡಿಂಗ್‌ನವನನ್ನು ಕರೆಸಿದರು. ಗ್ರಿಲ್ಲನ್ನು ಕತ್ತರಿಸಿ ಬಾಗಿಲಿನಂತೆ ತೆರೆಯುವ ಹಾಗೆ ತಿರುಗಣಿ ಹಾಕಿಸುವುದು, ಹೊರಗೋಡೆಗೆ ಕಬ್ಬಿಣದ ಏಣಿ ಕೂರಿಸುವುದು ಅವರ ಯೋಜನೆ. ಅಷ್ಟು ಅಗಲ ತೆರೆದರೆ ಕಳ್ಳನಿಗೂ ರಾಜಮಾರ್ಗವಾಯಿತಲ್ಲ ಎಂದು ಫೌಝಿಯಾ ತಕರಾರು ತೆಗೆದರು. ಅದೂ ಸರಿಯೇ ಎನಿಸಿ ಉಸ್ಮಾನಾಕ ಅಳಿಯನ ಒಂದು ಅಂಗಿ ತಂದು, ಈ ಭುಜದಿಂದ ಆ ಭುಜಕ್ಕೆ ಅಳೆದು, ಮೇಲೆ ನಾಲ್ಕು ಬೆರಳು ಸೇರಿಸಿ, ಇಷ್ಟೇ ಅಗಲ ಸಾಕೆಂದರು. ಅಳಿಯ ದಾಟಿದರೆ ಅವನಿಗಿಂತ ಸಪೂರದ ಮಗಳು ದಾಟುವುದು ಖಂಡಿತ. ತಾವು ಇಬ್ಬರೂ ಕೆಳಗೆ ಮಲಗುವವರು, ತಮ್ಮ ಅಗಲದ ಪ್ರಶ್ನೆಯೇ ಬರುವುದಿಲ್ಲ.

ಏಣಿಯ ಬುಡ ಮಾತ್ರ ನೆರೆಮನೆಯ ಪ್ರೇಮನಾಥರ ಜಾಗದಲ್ಲಿ, ಅವರ ಬಸಳೆ ಚಪ್ಪರದ ಪಕ್ಕಕ್ಕೆ ಬಂತು. ಉಸ್ಮಾನಾಕನ ಗೋಡೆಗೂ ಗಡಿಗೂ ನಡುವೆ ಒಂದು ಬಕೆಟ್ ಇಡುವಷ್ಟೂ ಜಾಗವಿರಲಿಲ್ಲ. ಪ್ರೇಮನಾಥರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಕೆಲಸವಿಲ್ಲದೆ ಕೈ ತುರಿಸುತ್ತಿದ್ದ ಅವರು ಬಸಳೆಗೆ ಕಾಲು ತಾಗಿಸಬಾರದು ಎಂಬ ಒಂದೇ ಷರತ್ತಿನ ಮೇಲೆ ಒಪ್ಪಿದರು. ಒಪ್ಪಿದ ಮೇಲೆ ಅವರಿಗೂ ಒಂದು ಹುದ್ದೆ ಸಿಕ್ಕಿತು. ಕಿಟಕಿಯಿಂದ ಇಳಿದವರನ್ನು ತಮ್ಮ ಅಂಗಳದಲ್ಲಿ ನಿಲ್ಲಿಸಿ, ತಲೆ ಎಣಿಸಿ, ಎಷ್ಟು ಹೊತ್ತಿನಲ್ಲಿ ಇಳಿದರೆಂದು ಗಡಿಯಾರ ನೋಡಿ ಬರೆದಿಡುವುದು. ಅವರು ಕೂಡಲೇ ಒಂದು ಕುರ್ಚಿಯನ್ನು ಬಸಳೆಯ ಪಕ್ಕಕ್ಕೆ ಎಳೆದು ಹಾಕಿ ಕುಳಿತೇಬಿಟ್ಟರು.

ಇನ್ನು ಉಳಿದದ್ದು ಬೋರ್ಡು. ಅಳಿಯನಿಗೆ ಬಾಯಿಯಲ್ಲಿ ಹೇಳುವಂತಿಲ್ಲ, ಬರೆದು ಹಾಕಬಹುದು. ಉಸ್ಮಾನಾಕ ಒಂದು ತಗಡಿನ ಹಲಗೆಯ ಮೇಲೆ ಕಪ್ಪು ಬಣ್ಣದಲ್ಲಿ ದುಬೈಯ ಸೂಚನೆಗಳನ್ನೆಲ್ಲ ನೆನಪಿನಿಂದ ಕನ್ನಡಕ್ಕೆ ಇಳಿಸಿದರು. ತಲೆಬರಹ, ಬೆಂಕಿ ಬಿದ್ದರೆ. ಅದನ್ನು ಕಂಡು ಫೌಝಿಯಾ ಎದೆಗೆ ಕೈ ಇಟ್ಟುಕೊಂಡರು. ಮದುವೆಯಾಗಿ ತಿಂಗಳಾಗದ ಮಕ್ಕಳ ಕೋಣೆಯಲ್ಲಿ ಬೆಂಕಿ ಎಂದು ಬರೆಯುವವರು ಲೋಕದಲ್ಲಿ ಯಾರಾದರೂ ಇದ್ದಾರೆಯೇ, ಬೆಳಿಗ್ಗೆ ಕಣ್ಣು ಬಿಟ್ಟರೆ ಮೊದಲು ಅದನ್ನೇ ಓದಬೇಕೇ ಎಂದು ಕೇಳಿದರು. ಕೇಳಿ ಸುಮ್ಮನಾಗದೆ ಸೀಮೆಎಣ್ಣೆಯ ಬಟ್ಟೆಯಿಂದ ತಲೆಬರಹವನ್ನು ಉಜ್ಜಿ ತೆಗೆದರು. ಓದಿದವನಿಗೆ ಅರ್ಥವಾಗದೆ ಇರುತ್ತದೆಯೇ ಎಂದು ಉಸ್ಮಾನಾಕನೂ ಬಿಟ್ಟರು. ತಲೆ ಹೋದ ಆ ಬೋರ್ಡಿನಲ್ಲಿ ಕೊನೆಗೆ ಉಳಿದದ್ದು ಇಷ್ಟು:

ಗಾಬರಿಯಾಗಬೇಡಿ.
ತಡ ಮಾಡಬೇಡಿ.
ಮೆಟ್ಟಿಲಿನಿಂದ ಬೇಡ, ಈ ಕಿಟಕಿಯಿಂದಲೇ ಹೋಗಿ.
ನಿಮ್ಮ ಚೀಲ ಮಾತ್ರ ಹಿಡಿದುಕೊಳ್ಳಿ, ಉಳಿದದ್ದಕ್ಕೆ ಆಸೆಪಡಬೇಡಿ.
ಒಮ್ಮೆ ಹೊರಗೆ ಹೋದ ಮೇಲೆ ಯಾವ ಕಾರಣಕ್ಕೂ ಒಳಗೆ ಬರಬೇಡಿ.
ಪ್ರೇಮನಾಥರ ಅಂಗಳದಲ್ಲಿ ನಿಂತು ಹೆಸರು ಹೇಳಿ.

ಕೆಳಗೆ ಕಿಟಕಿಯ ಕಡೆಗೆ ಒಂದು ದಪ್ಪ ಬಾಣ. ಬೇಕಾದ ಸಾಮಾನು ಒಂದು ಚೀಲದಲ್ಲಿ ಸಿದ್ಧವಿರಬೇಕೆಂಬುದೂ ದುಬೈಯ ನಿಯಮ. ಉಸ್ಮಾನಾಕ ಅಳಿಯನ ಅಂಗಿ, ಪ್ಯಾಂಟು, ಕಾಗದಪತ್ರಗಳನ್ನೆಲ್ಲ ಮಡಚಿ ಅವನದೇ ಚೀಲಕ್ಕೆ ತುಂಬಿ ಕಿಟಕಿಯ ಬುಡದಲ್ಲಿ ಇಟ್ಟರು. ಬರಿಗಾಲಲ್ಲಿ ಓಡಿದರೆ ಮುಳ್ಳು ಚುಚ್ಚೀತೆಂದು, ಚಪ್ಪಲಿ ವ್ಯಾಪಾರಿಯಲ್ಲವೇ, ಅಳಿಯನ ಮದುವೆಯ ಚಪ್ಪಲಿಗಳನ್ನು ಏಣಿಯ ಕೆಳಗೆ, ಕಾಲು ತೂರಿಸಿದರೆ ನೇರ ರಸ್ತೆಗೆ ಮುಖವಾಗುವ ಹಾಗೆ ಜೋಡಿಸಿದರು. ಮುಫೀದಾ ಬಂದ ಮೇಲೆ ಎಲ್ಲವನ್ನೂ ಅವಳ ಮೂಲಕ ಅಳಿಯನಿಗೆ ತಿಳಿಸುವುದೆಂದು ತೀರ್ಮಾನಿಸಿ ಅಂಗಡಿಗೆ ಹೋದರು.

ಆದರೆ ಗುರುವಾರ ಮಧ್ಯಾಹ್ನ ಕೊಯಿಲದಿಂದ ಬಂದವನು ಸಫೀರ್ ಒಬ್ಬನೇ. ಜಸೀನಾ ಮುಫೀದಾಳನ್ನು ಸಂಜೆಯವರೆಗೆ ಹಿಡಿದು ನಿಲ್ಲಿಸಿಕೊಂಡಿದ್ದಳು. ಫೌಝಿಯಾ ಬಾಗಿಲ ಮರೆಯಿಂದ ಊಟ ದೂಡಿದರು. ಕಿಟಕಿಯ ವಿಷಯ ಸಂಜೆ ಮುಫೀದಾ ಬಂದು ಹೇಳುತ್ತಾಳೆಂದು ಅವರೂ ಸುಮ್ಮನಿದ್ದರು. ಸಫೀರ್ ಉಂಡು, ನಿದ್ದೆಗೆ ಕಣ್ಣು ಎಳೆಯುತ್ತ ಮೇಲೆ ಹೋದ. ಬಾಗಿಲು ತೆರೆದ. ಬೋರ್ಡು ಓದಿದ. ಚೀಲ ನೋಡಿದ. ಕಿಟಕಿಯಿಂದ ಬಗ್ಗಿ ನೋಡಿದರೆ ಕೆಳಗೆ ಅವನ ಚಪ್ಪಲಿಗಳು ರಸ್ತೆಗೆ ಮುಖ ಮಾಡಿ ಅವನಿಗಾಗಿ ಕಾಯುತ್ತಿದ್ದವು.

ಬೇರೆ ಯಾರಾದರೂ ಆಗಿದ್ದರೆ ಕೆಳಗಿಳಿದು ಇದೇನೆಂದು ಕೇಳುತ್ತಿದ್ದರು. ಆದರೆ ಸಫೀರ್ ಎಂಟು ದಿನದಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಇನ್ನು ಹೊರಡು ಎಂಬ ಮಾತನ್ನು ಈಗ ಗೋಡೆಯೇ ಹೇಳುತ್ತಿತ್ತು. ಮೆಟ್ಟಿಲಿನಿಂದ ಬೇಡ ಎಂದದ್ದು, ಅತ್ತೆಯ ಎದುರು ಮುಖ ತಪ್ಪಿಸುವ ಮುಜುಗರ ಬೇಡವೆಂಬ ದೊಡ್ಡತನ ಎಂದು ಅವನು ತಿಳಿದ. ಫೋನಿನಲ್ಲಿ ಬೋರ್ಡಿನ ಒಂದು ಫೋಟೋ ತೆಗೆದುಕೊಂಡು, ಚೀಲ ಹೆಗಲಿಗೆ ಹಾಕಿ, ಬಸಳೆಗೆ ಕಾಲು ತಾಗದ ಹಾಗೆ ಇಳಿದ.

ಕುರ್ಚಿಯಲ್ಲಿ ಕುಳಿತಿದ್ದ ಪ್ರೇಮನಾಥರು ಗಡಿಯಾರ ನೋಡಿ ಎದ್ದು ನಿಂತರು. ಅವರ ಮುಖ ಅರಳಿತ್ತು.

“ಬಂದ್ರಾ? ನಲವತ್ತು ಸೆಕೆಂಡ್. ಭಾರೀ ಚುರುಕು ಇದ್ದೀರಿ ನೀವು. ನಿಮ್ಮ ಮಾವ ಎರಡು ದಿನದಿಂದ ಇದಕ್ಕೇ ಎಷ್ಟು ಕಷ್ಟ ಪಟ್ಟಿದ್ದಾರೆ ಗೊತ್ತುಂಟಾ ಮಾರಾಯ್ರೆ. ಒಮ್ಮೆ ಹೆಸರು ಹೇಳಿ, ಬರ್ಕೊಳ್ತೇನೆ.”

ಸಫೀರ್ ಹೆಸರು ಹೇಳಿದ. ತನ್ನನ್ನು ಹೊರಹಾಕುವ ಕೆಲಸಕ್ಕೆ ನೆರೆಮನೆಯಲ್ಲಿ ಗುಮಾಸ್ತರನ್ನೂ ನೇಮಿಸಿದ್ದಾರೆ ಎಂದು ಅವನ ಕಿವಿ ಕೆಂಪಾಯಿತು. ಚಪ್ಪಲಿ ಮೆಟ್ಟಿ ನೇರ ರಸ್ತೆಗೆ ನಡೆದು ಸುಳ್ಯದ ಬಸ್ಸು ಹತ್ತಿದ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಸಂಜೆಯ ಚಹಾ ಹೊತ್ತಿಗೆ ಕಲ್ಲುಗುಂಡಿಯಲ್ಲಿದ್ದ.

ಇತ್ತ ಪ್ರೇಮನಾಥರು ಚೀಟಿ ಹಿಡಿದುಕೊಂಡು ಅಂಗಡಿಗೇ ಓಡಿದರು. ಅಳಿಯ ತಾನೇ ಬೋರ್ಡು ಓದಿ, ಯಾರ ಸಹಾಯವೂ ಇಲ್ಲದೆ, ಚೀಲದ ಸಮೇತ ನಲವತ್ತು ಸೆಕೆಂಡಿನಲ್ಲಿ ಇಳಿದನೆಂದು ಕೇಳಿ ಉಸ್ಮಾನಾಕನ ಕಣ್ಣಲ್ಲಿ ನೀರು ಬಂತು. ದುಬೈಯ ಸಾಹೇಬರುಗಳು ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತಿದ್ದರು. ಈ ಹುಡುಗ ಹೇಳದೆಯೇ ಅರ್ಥ ಮಾಡಿಕೊಂಡ. ಅವನು ಈಗ ಪೇಟೆ ಸುತ್ತಲು ಹೋಗಿರಬೇಕು ಎಂದುಕೊಂಡು, ಒಂದು ಕಿಲೋ ಹಲ್ವ ತರಿಸಿ ಬಂದ ಗಿರಾಕಿಗಳಿಗೆಲ್ಲ ಹಂಚಿದರು. ಅಸರ್ ನಮಾಜಿಗೆ ಹೋಗುವಾಗ ಪೊಟ್ಟಣವನ್ನು ಕೈಯಲ್ಲೇ ಹಿಡಿದಿದ್ದರು. ಮಸೀದಿಯ ಹೊರಗೆ ಜಮಾಅತಿನ ಕಾರ್ಯದರ್ಶಿ ಮಶೂದ್ ಸಿಕ್ಕಿ ಏನು ವಿಶೇಷ ಎಂದಾಗ, ಅಳಿಯ ಕಿಟಕಿಯಿಂದ ಇಳಿದು ಹೋದ ಎಂದು ಹೆಮ್ಮೆಯಿಂದ ಹೇಳಿ ಒಂದು ತುಂಡು ಕೊಟ್ಟರು. ಮಶೂದ್ ಹಲ್ವವನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದು ನಿಂತ. ಮದುವೆ, ತಲಾಖ್, ಜಾಗದ ಜಗಳ ಎಲ್ಲ ನೋಡಿದ ಮನುಷ್ಯ ಅವನು. ಆದರೆ ಅಳಿಯ ಓಡಿಹೋದ ಸಂತೋಷಕ್ಕೆ ಹಲ್ವ ಹಂಚುವ ಮಾವನನ್ನು ಕಂಡದ್ದು ಅದೇ ಮೊದಲು. ಸಂಜೆಯೊಳಗೆ ಈ ಸುದ್ದಿ ಬಸ್ಸಿಗಿಂತ ಬೇಗ ಸುಳ್ಯ ದಾಟಿ ಕಲ್ಲುಗುಂಡಿಯನ್ನು ತಲುಪಿತು.

ಮಗ್ರಿಬ್‌ ನಮಾಜು ಕಳೆಯುವಾಗ ಫೋನು ಬಂತು. ಸಫೀರನ ತಾಯಿ ಅಲೀಮಮ್ಮ. ಗಂಡ ತೀರಿಕೊಂಡ ಮೇಲೆ ಟಯರ್ ಅಂಗಡಿಯಲ್ಲಿ ಕುಳಿತು ಮೂವರು ಮಕ್ಕಳನ್ನು ಬೆಳೆಸಿದ ಹೆಂಗಸು. ಲಾರಿ ಚಾಲಕರು ಕೂಡ ಅವರ ಎದುರು ಬೀಡಿ ಆರಿಸುತ್ತಿದ್ದರು. ಅವರು ಬೈಯಲಿಲ್ಲ. ದನಿ ಏರಿಸದೆ ಎರಡೇ ಮಾತು ಹೇಳಿದರು.

“ನನ್ನ ಮಗ ಊಟಕ್ಕೆ ಗತಿ ಇಲ್ಲದೆ ನಿಮ್ಮಲ್ಲಿಗೆ ಬಂದದ್ದಲ್ಲ ಉಸ್ಮಾನ್ಚ. ಬರುವ ಆದಿತ್ಯವಾರ ಮುಫೀದಾನ ಕರ್ಕೊಂಡು ಹೋಗ್ಲಿಕ್ಕೆ ನಾವು ನಲವತ್ತು ಜನ ಬರುದು ಅಂತ ಇತ್ತಲ್ಲ, ಅದು ಇನ್ನು ಬೇಡ.”

ಆಗಷ್ಟೇ ಕೊಯಿಲದಿಂದ ಬಂದಿಳಿದಿದ್ದ ಮುಫೀದಾ ವಿಷಯ ತಿಳಿದು ಮೊದಲು ಅಪ್ಪನ ಮುಖ ನೋಡಿದಳು, ಆಮೇಲೆ ಮೇಲೆ ಹೋಗಿ ಬೋರ್ಡು ನೋಡಿದಳು, ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. ಗಂಡನಿಗೆ ಫೋನು ಮಾಡಿ ಅದು ಬೆಂಕಿಗಾಗಿ ಮಾಡಿದ್ದು ಎಂದು ಆಣೆ ಹಾಕಿದಳು. ಸಫೀರ್ ಮೆಲ್ಲಗೆ, ಬೋರ್ಡಿನ ಫೋಟೋ ತನ್ನ ಹತ್ತಿರ ಇದೆ, ಅದರಲ್ಲಿ ಬೆಂಕಿ ಎಂಬ ಶಬ್ದ ಎಲ್ಲಿದೆ ತೋರಿಸು ಎಂದ. ಆ ಫೋಟೋ ಅಷ್ಟರಲ್ಲಿ ಅವರ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಸ್ಕತ್, ದಮ್ಮಾಮುಗಳವರೆಗೆ ಹೋಗಿಯಾಗಿತ್ತು. ಯಾವ ಕಾರಣಕ್ಕೂ ಒಳಗೆ ಬರಬೇಡಿ ಎಂಬ ಸಾಲಿನ ಕೆಳಗೆ ಯಾರೋ ಕೆಂಪು ಗೆರೆಯನ್ನೂ ಎಳೆದಿದ್ದರು.

ಶುಕ್ರವಾರ ಆ ಮನೆಯಲ್ಲಿ ಒಲೆ ಒಂದೇ ಹೊತ್ತು ಉರಿಯಿತು. ತನ್ನ ಸಂಸಾರ ಒಂದು ತಗಡಿನ ಮೇಲೆ ಮುಗಿಯಿತೆಂದು ಮುಫೀದಾ ಆ ಒಂದು ಹೊತ್ತಿನ ಊಟಕ್ಕೂ ಏಳಲಿಲ್ಲ. ಮಶೂದ್ ಜುಮಾ ನಮಾಜಿನ ನಂತರ ಬಂದು, ಜಮಾಅತಿನ ಕಡೆಯಿಂದ ಒಂದು ಮಾತುಕತೆ ಇಡಬಹುದು, ಆದರೆ ಆ ಹಲ್ವ ಯಾಕೆ ಹಂಚಿದಿರೆಂಬುದಕ್ಕೆ ಸಾಕ್ಷಿಗಳ ಎದುರು ಕಾರಣ ಕೊಡಬೇಕಾಗುತ್ತದೆ ಎಂದು ಕೈತೊಳೆದುಕೊಂಡ. ಪ್ರೇಮನಾಥರು ತಾವೇ ಖುದ್ದು ಕಲ್ಲುಗುಂಡಿಗೆ ಹೋಗಿ ಸಮಜಾಯಿಷಿ ಕೊಡುತ್ತೇನೆಂದು ಹೊರಟರು. ಅವರು ಕೊಟ್ಟ ಮೊದಲನೇ ಸಮಜಾಯಿಷಿಯ ಫಲವನ್ನು ಕಂಡಿದ್ದ ಫೌಝಿಯಾ ಕೈಮುಗಿದು ಅವರನ್ನು ಕುರ್ಚಿಗೆ ವಾಪಸು ಕಳಿಸಿದರು.

ಕೊನೆಗೆ ದಾರಿ ತೆಗೆದವನು ಸಫೀರನ ಸೋದರಮಾವ ಕಾಸಿಂ. ಈ ಮದುವೆ ಕುದುರಿಸಿದವನೇ ಅವನು. ಮುರಿದರೆ ಹೆಸರು ಕೆಡುವುದು ಅವನದೇ. ಒಮ್ಮೆ ಹೋಗಿ ಕಣ್ಣಾರೆ ನೋಡಿ ಬಿಡೋಣ ಎಂದು ಅಕ್ಕನಿಗೆ ಹೇಳಿ ಹೇಳಿ ಒಪ್ಪಿಸಿದ. ಅಲೀಮಮ್ಮ ಒಂದು ಷರತ್ತು ಹಾಕಿದರು. ಆ ಮನೆಯ ಒಂದು ಹನಿ ನೀರೂ ಮುಟ್ಟುವುದಿಲ್ಲ. ಹಾಗೆಂದು ಫೋನಿನಲ್ಲೇ ತಿಳಿಸಿದ್ದರಿಂದ ಫೌಝಿಯಾ ಶನಿವಾರ ಅಡುಗೆಗೆ ಕೈ ಹಾಕಲಿಲ್ಲ.

ಬರುವವರಿಗೆ ಸಾಕ್ಷಿ ಬೇಕಲ್ಲ. ಉಸ್ಮಾನಾಕ ಬೆಳಿಗ್ಗೆ ಎದ್ದು, ಹೆಂಡತಿಯ ಕಣ್ಣು ತಪ್ಪಿಸಿ ಬೋರ್ಡಿನ ತಲೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದೊಂದು ಅಕ್ಷರವನ್ನೂ ಗೇಣುದ್ದ ಮಾಡಿ ಬೆಂಕಿ ಎಂದು ಬರೆದರು. ಅನುಮಾನಕ್ಕೆ ಎಡೆಯಿರಬಾರದೆಂದು ಪಕ್ಕದಲ್ಲಿ ಉರಿಯುವ ಜ್ವಾಲೆಯ ಚಿತ್ರವನ್ನೂ ಬಿಡಿಸಿದರು. ಅದು ನೋಡಲು ದಾಸವಾಳದ ಹೂವಿನ ಹಾಗೆ ಬಂತು.

ಹತ್ತು ಗಂಟೆಗೆ ಕಾರು ಬಂತು. ಅಲೀಮಮ್ಮನೂ ಕಾಸಿಮನೂ ಇಳಿದರು. ಸಫೀರನೂ ಬಂದಿದ್ದ. ಆದರೆ ಒಳಗೆ ಬರಲಿಲ್ಲ. ಯಾವ ಕಾರಣಕ್ಕೂ ಒಳಗೆ ಬರಬೇಡಿ ಎಂದು ಬರೆದಿದೆಯಲ್ಲ, ಅದಕ್ಕೆ ಪ್ರೇಮನಾಥರ ಅಂಗಳದಲ್ಲೇ ನಿಂತ. ಪ್ರೇಮನಾಥರು ಕುರ್ಚಿ ಬಿಟ್ಟುಕೊಟ್ಟರೂ ಕುಳಿತುಕೊಳ್ಳಲಿಲ್ಲ.

ಅಲೀಮಮ್ಮ ಮಹಡಿಗೆ ಹತ್ತಿ ಬೋರ್ಡಿನ ಎದುರು ನಿಂತರು. ಒಂದು ಬೆರಳನ್ನು ಆ ಕೆಂಪು ಅಕ್ಷರಕ್ಕೆ ಒತ್ತಿ ತೆಗೆದರು. ಬೆರಳು ಕೆಂಪಾಯಿತು. ಅದನ್ನು ಎಲ್ಲರಿಗೂ ಒಂದು ಸುತ್ತು ತೋರಿಸಿ, ಹಸಿ ಉಂಟು ಎಂದರು. ಒಂದು ವೇಳೆ ಒಣಗಿದ್ದರೂ, ಹೊಸ ಮದುಮಕ್ಕಳ ಕೋಣೆಯಲ್ಲಿ ಬೆಂಕಿ ಎಂದು ಬರೆಯುವ ಮನೆಗೆ ತಾನು ಮಗನನ್ನು ಕಳಿಸಿದ್ದೇ ತಪ್ಪು ಎಂದರು. ಬಾಗಿಲ ಮರೆಯಲ್ಲಿದ್ದ ಫೌಝಿಯಾ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ವಿವರಿಸುವುದು ಬೇಡ. ಆಮೇಲೆ ಅಲೀಮಮ್ಮ ಕಿಟಕಿಯ ಅಗಲವನ್ನು ಗೇಣಿನಲ್ಲಿ ಅಳೆದರು. ಟಯರ್ ಮಾರಿದ ಕೈ, ಅಳತೆ ತಪ್ಪುವುದಿಲ್ಲ. ಇದು ಯಾರ ಅಳತೆ ಎಂದು ಕೇಳಿದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಉಸ್ಮಾನಾಕ, ಅಳಿಯನ ಅಂಗಿಯದ್ದು ಎಂದರು. ಕಾಸಿಂ ಹಣೆ ಹಣೆ ಚಚ್ಚಿಕೊಂಡ.

“ಬೆಂಕಿ ಅಂದ್ರೆ ಮನೆಯವರಿಗೆಲ್ಲ ಬೀಳುದಲ್ವಾ? ನನ್ನ ಮಗನ ಅಳತೆಗೆ ಮಾತ್ರ ದಾರಿ ಮಾಡಿದ್ದು ಯಾಕೆ? ಇದು ನಿಜಕ್ಕೂ ತಪ್ಪಿಸಿಕೊಳ್ಳುವ ದಾರಿ ಆದ್ರೆ ನೀವು ಒಮ್ಮೆ ಇಳಿದು ತೋರಿಸಿ ಉಸ್ಮಾನ್ಚ. ನಾನು ನಂಬ್ತೇನೆ.”

ಇಲ್ಲಿ ಒಂದು ಸತ್ಯ ಹೇಳಬೇಕು. ಇಪ್ಪತ್ತೆರಡು ವರ್ಷದಲ್ಲಿ ಉಸ್ಮಾನಾಕ ಹಳದಿ ಜಾಕೀಟು ತೊಟ್ಟು ಬಾಗಿಲಲ್ಲಿ ನಿಂತು ಇತ್ತ ಹೋಗಿ, ಇತ್ತ ಹೋಗಿ ಎಂದು ಕೈ ತೋರಿಸಿದವರೇ ಹೊರತು ಒಮ್ಮೆಯೂ ಏಣಿಯಿಂದ ಇಳಿದವರಲ್ಲ. ಅವರ ಪ್ರಮಾಣಪತ್ರವೂ ಕೈ ತೋರಿಸಿದ್ದಕ್ಕೇ ಸಿಕ್ಕಿದ್ದು. ಆದರೆ ಮೂಲೆಯಲ್ಲಿ ನಿಂತ ಮುಫೀದಾಳ ಊದಿದ ಕಣ್ಣು ಕಂಡಿತು. ಅವರು ಲುಂಗಿಯನ್ನು ಬಿಗಿಯಾಗಿ ಕಟ್ಟಿ, ಬಿಸ್ಮಿಲ್ಲಾ ಎಂದು ತಲೆಯನ್ನು ಕಿಟಕಿಗೆ ತೂರಿಸಿದರು.

ತಲೆ ಹೋಯಿತು. ಭುಜಗಳು ಒಂದು ಆಚೆ, ಒಂದು ಈಚೆ ಎಂದು ಓರೆಯಾಗಿ ಹೋದವು. ಹೊಟ್ಟೆಯ ಹತ್ತಿರ ಬಂದಾಗ ನಾಲ್ಕು ಬೆರಳಿನ ಲೆಕ್ಕಾಚಾರ ಕೈಕೊಟ್ಟಿತು. ಮುಂದೆ ಹೋಗುವುದಿಲ್ಲ, ಹಿಂದೆ ಬರುವುದಿಲ್ಲ. ಏಣಿಯಲ್ಲಿ ಮೊದಲು ಕಾಲು ಇಡಬೇಕು, ತಲೆಯಲ್ಲ ಎಂಬುದು ಅವರಿಗೆ ಆಗ ಹೊಳೆಯಿತು. ಅರ್ಧ ಉಸ್ಮಾನಾಕ ಪ್ರೇಮನಾಥರ ಬಸಳೆಯ ಮೇಲೆ ತೂಗುತ್ತಿದ್ದರು, ಉಳಿದರ್ಧ ಮಗಳ ಕೋಣೆಯಲ್ಲಿ ಕಾಲು ಬಡಿಯುತ್ತಿತ್ತು. ಪ್ರೇಮನಾಥರು ಅಭ್ಯಾಸಬಲದಿಂದ ಗಡಿಯಾರ ನೋಡಿದರು.

ಕೆಳಗೆ ಸಫೀರ್ ನಿಂತಿದ್ದ. ಮಾವನ ಮುಖ ತಲೆಕೆಳಗಾಗಿ, ಅವನಿಂದ ಎಂಟು ಅಡಿ ಮೇಲೆ, ರಕ್ತವಿಳಿದು ಕೆಂಪಾಗಿತ್ತು. ಊಟ ಆಯಿತೇ ಎಂದು ಕೇಳುವ ಸಂದರ್ಭ ಅದಾಗಿರಲಿಲ್ಲ. ಮದುವೆಯಾದ ಮೇಲೆ ಮೊದಲ ಬಾರಿಗೆ ಉಸ್ಮಾನಾಕ ಅಳಿಯನೊಡನೆ ಬೇರೆ ಮಾತಾಡಿದರು.

“ನೀನು ಹೋಗ್ಬೇಕು ಅಂತ ಮಾಡಿದ್ದಲ್ಲ ಮಗಾ. ಪರದೆಗೆ ಕಿಡಿ ಬಿತ್ತು. ನೀನು, ಅವಳು ಮೇಲೆ ಮಲಗುದು. ನಿಮಗೆ ಎಂತಾದ್ರೂ ಆದ್ರೆ ನಾನು ಕೆಳಗೆ ಬದುಕಿ ಎಂತ ಮಾಡುದು? ನಿನಗೆ ಬಾಯಲ್ಲಿ ಹೇಳ್ಲಿಕ್ಕೆ ನನಗೆ ನಾಚಿಕೆ ಆಯ್ತು.”

ಇಷ್ಟು ಹೇಳುವಾಗ ಅವರ ಟೊಪ್ಪಿ ಜಾರಿ ಕೆಳಗೆ ಬಿತ್ತು. ಸಫೀರ್ ಅದನ್ನು ಎತ್ತಿ ತನ್ನ ತಲೆಗಿಟ್ಟುಕೊಂಡು ಸರಸರನೆ ಏಣಿ ಹತ್ತಿದ. ಬಸಳೆಗೆ ಕಾಲು ತಾಗಿತು. ಪ್ರೇಮನಾಥರು ಬಾಯಿ ತೆರೆದವರು ಮತ್ತೆ ಮುಚ್ಚಿಕೊಂಡರು. ಸಫೀರ್ ಮಾವನ ಎರಡು ಭುಜಗಳನ್ನು ಹಿಡಿದು ಒಳಗೆ ದೂಡಿದ. ಟಯರ್ ಕಳಚುವ ಕೈಗೆ ಬಲವಿತ್ತು. ಒಳಗಿನಿಂದ ಕಾಸಿಂ ಒಂದು ಕಾಲು ಹಿಡಿದ, ಅಲೀಮಮ್ಮ ಲುಂಗಿಯ ಅಂಚು ಹಿಡಿದರು. ಬಾಗಿಲ ಮರೆಯಲ್ಲಿ ನಿಲ್ಲಲಾರದೆ ಫೌಝಿಯಾ ಹಾರಿ ಬಂದು ಇನ್ನೊಂದು ಕಾಲು ಹಿಡಿದು, ಅಳಿಯನ ಮುಖವನ್ನೇ ನೋಡಿ ಕೂಗಿದರು.

“ಸಫೀರಾ, ಹೊಟ್ಟೆಗೇ ಒತ್ತು. ಮೆತ್ತಗೆ ಮಾಡಿದ್ರೆ ಇದು ಬರುದಿಲ್ಲ.”

ಸಫೀರ್ ಒತ್ತಿದ. ಬಾಟಲಿಯ ಬಿರಡೆ ಕಿತ್ತಂತೆ ಉಸ್ಮಾನಾಕ ಒಳಗೆ ಬಂದು ಅಲೀಮಮ್ಮನ ಕಾಲ ಬಳಿ ಬಿದ್ದರು. ಅವರ ಬೆನ್ನಿಗೇ ಸಫೀರನೂ ಅದೇ ಕಿಟಕಿಯಿಂದ, ಮಾವನ ಟೊಪ್ಪಿ ತೊಟ್ಟುಕೊಂಡು ಒಳಗೆ ಬಂದ. ಹೆಂಡತಿಯ ಎದುರು ನಿಂತು ಏನು ಹೇಳುವುದೆಂದು ತಿಳಿಯದೆ, ಊಟ ಆಯ್ತಾ ಎಂದು ಕೇಳಿದ. ಮುಫೀದಾ ಅಳುತ್ತಲೇ ನಕ್ಕಳು.

ಅಲೀಮಮ್ಮ ಮಾತ್ರ ಇನ್ನೂ ಬಿಗಿಯಾಗಿಯೇ ಇದ್ದರು. ಒಮ್ಮೆ ಕಿಟಕಿಯಲ್ಲಿ ಸಿಕ್ಕಿಬಿದ್ದ ಮಾತ್ರಕ್ಕೆ ಒಬ್ಬ ಮನುಷ್ಯ ಒಳ್ಳೆಯವನಾಗುವುದಿಲ್ಲ ಎಂದು ಅವರ ಮುಖ ಹೇಳುತ್ತಿತ್ತು. ಎಲ್ಲರೂ ಕೆಳಗಿಳಿದು ಚಾವಡಿಯಲ್ಲಿ ಕುಳಿತರು. ಗಂಟೆ ಹನ್ನೆರಡು ದಾಟಿತ್ತು. ಅಷ್ಟು ಒತ್ತಿ, ದೂಡಿ ಸುಸ್ತಾಗಿದ್ದ ಸಫೀರನ ಹೊಟ್ಟೆ ಎಲ್ಲರಿಗೂ ಕೇಳುವ ಹಾಗೆ ಗುರುಗುಟ್ಟಿತು. ಫೌಝಿಯಾ ಅಡುಗೆಮನೆಗೆ ಹೋದರು. ಅಲ್ಲಿ ಪತ್ತಿರ್ ಇಲ್ಲ, ಪಿಂಡಿ ಇಲ್ಲ, ಕೋಳಿಯ ಗರಿಯೂ ಇಲ್ಲ. ಇದ್ದದ್ದು ಕುಚ್ಚಲಕ್ಕಿಯ ಗಂಜಿ ಮತ್ತು ಮಣ್ಣಿನ ಚಟ್ಟಿಯ ತಳದಲ್ಲಿ ಉಳಿದ ಹಿಂದಿನ ದಿನದ ಬಂಗುಡೆ ಸಾರು. ಅವರು ಅಳಿಯನ ಬೇರೆ ತಟ್ಟೆಯನ್ನು ಬಿಟ್ಟು, ಮನೆಯವರು ದಿನವೂ ಉಣ್ಣುವ ಸ್ಟೀಲಿನ ಬಟ್ಟಲನ್ನೇ ತೆಗೆದು ಅದಕ್ಕೆ ಗಂಜಿ ಸುರಿದು, ಚಟ್ಟಿಯನ್ನೇ ಪಕ್ಕಕ್ಕೆ ಇಟ್ಟರು. ಸಾರು ನಿನ್ನೆಯದ್ದು, ಬೇಕಾದಷ್ಟು ಹಾಕಿಕೋ, ತಿಂದ ಮೇಲೆ ಬಟ್ಟಲನ್ನು ಬಾವಿಕಟ್ಟೆಯಲ್ಲಿ ಇಡು ಎಂದರು.

ಸಫೀರ್ ಚಟ್ಟಿಯ ತಳಕ್ಕೆ ಬೆರಳು ಹಾಕಿ ಗೋರಿದ. ಒಂಬತ್ತು ದಿನ ನಾಲ್ಕು ಹೊತ್ತು ಉಂಡಾಗ ಬಾಯಿ ಬಿಡದವನು ಅತ್ತೆಯನ್ನೇ ತಾಯಿಯಂತೆ ಕರೆದು, ಉಮ್ಮ, ಇನ್ನೊಂದು ಸೌಟು ಗಂಜಿ ಉಂಟಾ ಎಂದು ಕೇಳಿದ.

ಅಲೀಮಮ್ಮ ಮಗನನ್ನೂ, ಚಟ್ಟಿಯನ್ನೂ, ಬಾಗಿಲಿನಿಂದ ಹೊರಗೆ ಬಂದು ನಿಂತ ಫೌಝಿಯಾಳನ್ನೂ ನೋಡಿದರು. ಅವರ ಮುಖ ಮೆಲ್ಲಗೆ ಸಡಿಲವಾಯಿತು. ಪಕ್ಕದಲ್ಲಿ ಸೊಂಟ ಹಿಡಿದು ಕುಳಿತ ಉಸ್ಮಾನಾಕನ ಕಡೆ ತಿರುಗದೆ, ತಮ್ಮನಿಗೆ ಹೇಳಿದರು.

“ನಿನ್ನೆಯ ಸಾರು ಹಾಕುದು ಮನೆಯ ಮಕ್ಕಳಿಗೆ ಕಾಸಿಂ. ಹೊರಗೆ ಹಾಕ್ಲಿಕ್ಕೆ ಇರುವವನಿಗೆ ಯಾರೂ ಹಾಕುದಿಲ್ಲ. ನಾಳೆ ನಲವತ್ತು ಜನ ಬರ್ತೇವೆ ಅಂತ ಎಲ್ಲರಿಗೂ ಫೋನ್ ಮಾಡು.”

ಆಮೇಲೆ ಸೆರಗು ಸರಿಮಾಡಿಕೊಂಡು ನೆಲಕ್ಕೆ ಕುಳಿತು, ಚಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.